ಮುಳ್ಳು ಮುರಿಯದ ತೇಡೆ

ಆ ದಿನ ನನಗೆ ಏನಾಯಿತು ಎಂಬುದನ್ನು ಈವರೆಗೆ ನಾಲ್ಕು ಡಾಕ್ಟರುಗಳಿಗೆ ಹೇಳಿದ್ದೇನೆ. ನಾಲ್ಕು ಸಲವೂ ಬೇರೆ ಬೇರೆ ಹೇಳಿದ್ದೇನೆ. ಸುಳ್ಳು ಹೇಳಿದ್ದಲ್ಲ. ಆಯಾ ಹೊತ್ತಿಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಈಗ ಬರೆಯಲು ಕೂತಾಗಲೂ ಕೆಲವು ಕಡೆ ‘ಗೊತ್ತಿಲ್ಲ’ ಎಂದೇ ಬರೆಯಬೇಕಾಗಿದೆ. ಹಾಗೆ ಬರೆದರೂ ಆಗುತ್ತದೆ ಎಂದು ತೀರ್ಮಾನಿಸಿದ ಮೇಲೆಯೇ ಪೆನ್ನು ಹಿಡಿದೆ.

ನಮ್ಮ ಮನೆ ಪುತ್ತೂರಿನ ಹತ್ತಿರದ ಕಬಕದಲ್ಲಿ, ರಸ್ತೆಯಿಂದ ಹದಿನಾರು ಮೆಟ್ಟಿಲು ಮೇಲೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷಿನು. ಗಂಡ ಅಶ್ರಫ್ ಆಟೋ ಓಡಿಸುತ್ತಾರೆ. ಜೊತೆಗೆ ಅವರ ತಾಯಿ, ನನ್ನ ಮಾಮಿ, ಇದ್ದಾರೆ. ಮನೆಯೊಳಗೆ ನಾವು ಆಡುವುದು ಬ್ಯಾರಿ ಭಾಷೆ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದೇನೆ.

ಹೊಲಿಯುವಾಗ ಬಟ್ಟೆಯನ್ನು ಸೂಜಿಯ ಕಡೆಗೆ ನಡೆಸುವುದು ಎಡಗೈಯ ತೋರುಬೆರಳು. ಬಲಗೈ ಜೊತೆಗಿರುತ್ತದೆ, ಅಷ್ಟೆ. ಬಟ್ಟೆ ಜಾರುತ್ತಿದೆಯೋ, ಮಡಿಕೆ ಬಿದ್ದಿದೆಯೋ, ಒಳಗಿನ ಅಸ್ತರು ಹಿಂದೆ ಉಳಿಯಿತೋ ಎಂಬುದು ಕಣ್ಣಿಗಿಂತ ಮೊದಲು ಆ ಬೆರಳಿನ ತುದಿಗೆ ತಿಳಿಯುತ್ತದೆ. ನನ್ನ ಕಾಯಿಲೆ ಕೂತದ್ದು ಅದೇ ಬೆರಳಿನಲ್ಲಿ. ಅದು ಅಲ್ಲಿದೆ ಎಂದು ಗೊತ್ತಾಗಲು ಮೂರು ವಾರ ಹಿಡಿಯಿತು.

ಅಶ್ರಫರ ತಂಗಿ ಶಮೀಮಾಳ ಮದುವೆ ಆಗಿ ನಾಲ್ಕನೇ ದಿನ ಅದು. ಅವಳನ್ನು ಕೊಟ್ಟದ್ದು ಜಾಲ್ಸೂರಿಗೆ. ಪುದಿಯಾಪ್ಳೆ, ಎಂದರೆ ಹೊಸ ಅಳಿಯ, ಮಧ್ಯಾಹ್ನದ ಊಟಕ್ಕೆ ಬರುವವನಿದ್ದ. ಮದುವೆಯ ದಿನದಿಂದ ಅವನಿಗೆ ಹೋದಲ್ಲೆಲ್ಲ ತುಪ್ಪದನ್ನ, ಆಡಿನ ಮಾಂಸ ಮತ್ತು ದುಬಾರಿಯ ಅಂಜಲ್ ಮೀನು. ಸಾಕಾಗಿ, ತೇಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಬಹುದಾ ಎಂದು ಶಮೀಮಾಳಿಂದ ಫೋನಿನಲ್ಲಿ ಕೇಳಿಸಿದ್ದ.

ಮಾಮಿಗೆ ಇದು ಒಪ್ಪಿಗೆಯಾಗಲಿಲ್ಲ. “ಹೊಸ ಅಳಿಯನಿಗೆ ತೇಡೆಯಾ? ಜಾಲ್ಸೂರಿನವರು ಕೇಳಿದ್ರೆ ಎಂತ ಹೇಳ್ಲಿಕ್ಕಿಲ್ಲ?”

“ಅವನೇ ಕೇಳಿದ್ದಲ್ವಾ. ಅಂಜಲ್ ತಿಂದು ಸಾಕಾಗಿದೆಯಂತೆ,” ಎಂದರು ಅಶ್ರಫ್.

“ಸಾಕಾಗುವಷ್ಟು ಅಂಜಲ್ ಅವನಿಗೆ ಯಾರು ಕೊಟ್ಟದ್ದು? ನಾವಂತೂ ಕೊಡ್ಲಿಲ್ಲ.”

ಕೊನೆಗೆ ಮಾಮಿ ತಾವೇ ಒಂದು ದಾರಿ ಹುಡುಕಿದರು. ತೇಡೆಯೇ ಆಗಲಿ, ಆದರೆ ದೊಡ್ಡದು ಬೇಕು, ತಲೆ ಇಡಿಯಾಗಿ ಅವನ ತಟ್ಟೆಯಲ್ಲಿ ಕೂರಬೇಕು. ಆಗ ಯಾರೂ ಸಣ್ಣ ಮೀನು ಬಡಿಸಿದರು ಎನ್ನುವ ಹಾಗಿಲ್ಲ.

ನಮ್ಮ ಕಡೆಗೆ ಮೀನು ತರುವುದು ಹಮೀದಾಕ. ಸ್ಕೂಟರಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಬರುತ್ತಾರೆ. ತೇಡೆಗೆ ಮೂರು ಗಟ್ಟಿ ಮುಳ್ಳುಗಳಿವೆ, ಬೆನ್ನಿನ ಮೇಲೆ ಒಂದು, ತಲೆಯ ಹಿಂದೆ ಎರಡೂ ಬದಿಗೆ ಒಂದೊಂದು. ತೂಗಿ ಕೊಡುವ ಮೊದಲು ಹಮೀದಾಕ ಕತ್ತಿಯ ಹಿಂಬದಿಯಿಂದ ಮೂರನ್ನೂ ಟಕ್ ಟಕ್ ಎಂದು ಮುರಿದು ಬಿಸಾಡುತ್ತಾರೆ. ಯಾರೂ ಹೇಳಬೇಕೆಂದಿಲ್ಲ. ಇಪ್ಪತ್ತು ವರ್ಷದಿಂದ ನಾನು ಕೈಯಲ್ಲಿ ಹಿಡಿದದ್ದೆಲ್ಲ ಮುಳ್ಳು ಮುರಿದ ತೇಡೆ. ಅದಕ್ಕೆ ಮುಳ್ಳಿದೆ ಎಂಬುದು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ರಸ್ತೆಗೆ ಇಳಿದು ಮೀನು ತಂದದ್ದು ಮಾಮಿ. ನಾನು ಹಿಂದಿನ ಜಗಲಿಯಲ್ಲಿ, ಕಾಲಿನಿಂದ ಒತ್ತಿ ಹಿಡಿಯುವ ಮೆಟ್ಟುಕತ್ತಿಯ ಮುಂದೆ ಕೂತೆ. ಪಾತ್ರೆಯಲ್ಲಿದ್ದದ್ದು ಐಸಿನಲ್ಲಿ ಗಟ್ಟಿಯಾದ, ಮೊಳದುದ್ದದ ಮೀನು. ಯಾವಾಗಿನಂತೆ ತಲೆಯ ಹಿಂದೆ ಎಡಗೈ ಹಾಕಿ ಬಿಗಿಯಾಗಿ ಹಿಡಿದೆ. ತೋರುಬೆರಳಿನ ಮೊದಲ ಗಂಟಿನ ಪಕ್ಕ ಏನೋ ಹೊಕ್ಕಿತು. ಕೈ ಕೊಡವಿದೆ. ರಕ್ತ ಹೆಚ್ಚು ಬರಲಿಲ್ಲ. ನಲ್ಲಿಯ ತಣ್ಣೀರಿನಲ್ಲಿ ತೊಳೆದು ಕೆಲಸ ಮುಂದುವರಿಸಿದೆ. ಹೊಲಿಗೆಯವಳಿಗೆ ಬೆರಳಿಗೆ ಚುಚ್ಚುವುದು ಒಂದು ಸುದ್ದಿಯಲ್ಲ.

ಹತ್ತು ನಿಮಿಷ ಕಳೆದಿರಬಹುದು. ಮೀನು ಪೂರ್ತಿ ತುಂಡಾಗಿರಲಿಲ್ಲ. ಎಡಗೈಯೊಳಗೆ ಉರಿ ಹತ್ತಿ ಮುಂಗೈ, ಮೊಣಕೈ ದಾಟಿ ಕಂಕುಳಕ್ಕೆ ಬಂತು. ಅಲ್ಲಿಂದ ಎದೆಯ ಎಡಭಾಗಕ್ಕೆ. ಮೈಯೆಲ್ಲ ಬೆವರು. ಅಂಗಳದ ಬದಿಗೆ ವಾಂತಿ ಮಾಡಿದೆ. ಮಾಮಿ ಓಡಿ ಬಂದಾಗ ನಾನು ಬಲಗೈಯಲ್ಲಿ ಎಡತೋಳನ್ನು ಒತ್ತಿ ಹಿಡಿದು ಗೋಡೆಗೆ ಒರಗಿದ್ದೆ.

“ಇವರಿಗೂ ಹೀಗೆಯೇ,” ಎಂದರು ಮಾಮಿ. “ಇದೇ ಕೈ.”

ಇವರು ಎಂದರೆ ನನ್ನ ಮಾವ. ಎರಡು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಎಡಗೈ ನೋವು ಎಂದು ಕೂತವರು ಮತ್ತೆ ಏಳಲಿಲ್ಲ. ಮಾಮಿಯ ಬಾಯಿಂದ ಆ ಮಾತು ಬಂದ ಮೇಲೆ ನನ್ನ ತಲೆಯಲ್ಲಿ ಬೇರೆ ಯಾವ ಯೋಚನೆಗೂ ಜಾಗವಿರಲಿಲ್ಲ. ಬೆರಳಿಗೆ ಚುಚ್ಚಿದ್ದು ಮರೆತೇ ಹೋಯಿತು ಎಂದು ಆಮೇಲೆ ಹಲವರಿಗೆ ಹೇಳಿದೆ. ಪೂರ್ತಿ ಮರೆತಿತ್ತೇ? ಗೊತ್ತಿಲ್ಲ.

ಅಶ್ರಫ್ ಸ್ಟ್ಯಾಂಡಿನಿಂದ ಬಂದು ಆಟೋದಲ್ಲಿ ಮಲಗಿಸಿಕೊಂಡು ಪುತ್ತೂರಿನ ಒಂದು ಆಸ್ಪತ್ರೆಗೆ ಓಡಿಸಿದರು. ಅಲ್ಲಿ ಎಲ್ಲರೂ ಬೇಗ ಬೇಗ ಕೆಲಸ ಮಾಡಿದರು. ಎದೆಗೆ ವಯರು, ಬಾಯಿಗೆ ಜಗಿಯಲು ಒಂದು ಮಾತ್ರೆ. ನರ್ಸ್ ಬೆರಳಿಗೆ ಹಾಕುವ ಕ್ಲಿಪ್ ತಂದವಳು ನನ್ನ ಎರಡೂ ಕೈ ನೋಡಿ ನಿಂತಳು. ಮದುವೆಯ ಮದರಂಗಿ ಉಗುರಿನಿಂದ ಎರಡನೇ ಗಂಟಿನವರೆಗೆ ಕಪ್ಪುಗೆಂಪಾಗಿ ಕೂತಿತ್ತು.

“ಮದರಂಗಿ ಇದ್ರೆ ಇದು ಸರಿ ತೋರ್ಸುದಿಲ್ಲ,” ಎಂದು ಕ್ಲಿಪ್ಪನ್ನು ಕಾಲಿನ ಬೆರಳಿಗೆ ಹಾಕಿದಳು.

ನನ್ನ ಎಡಗೈಯ ಆ ತೋರುಬೆರಳು ಅವಳ ಕಣ್ಣೆದುರೇ ಇತ್ತು. ಊತವೋ ಕೆಂಪೋ ಇದ್ದಿದ್ದರೂ ಆ ಬಣ್ಣದಡಿ ಯಾರಿಗೂ ಕಾಣುವ ಹಾಗಿರಲಿಲ್ಲ. ಅವಳನ್ನು ನಾನು ದೂರುವುದಿಲ್ಲ. ನಾನೇ ನೋಡಿರಲಿಲ್ಲ.

ಡಾಕ್ಟರು ಕೇಳಿದರು, “ನೋವು ಬರುವಾಗ ಎಂತ ಮಾಡ್ತಾ ಇದ್ರು?”

“ಅಡುಗೆ ಕೆಲಸ,” ಎಂದರು ಅಶ್ರಫ್.

ತಪ್ಪಲ್ಲ. ಮೀನು ಕತ್ತರಿಸುವುದು ಅಡುಗೆ ಕೆಲಸವೇ. ಆಗ ನನ್ನ ನಾಲಿಗೆಯ ಮೇಲೆ ಒಂದು ಮಾತು ಬಂದು ನಿಂತಿತ್ತು, ಮೀನು ಚುಚ್ಚಿದೆ ಎಂದು. ಆದರೆ ಹಾರ್ಟ್ ಎಂದು ಇಷ್ಟು ಜನ ಓಡಾಡುವಾಗ ಮೀನಿನ ಮುಳ್ಳಿನ ಸುದ್ದಿ ತೆಗೆಯಲು ನಾಚಿಕೆಯಾಯಿತು. ಈ ನೆನಪು ನಿಜವೋ, ಆಮೇಲೆ ನಾನೇ ಮಾಡಿಕೊಂಡದ್ದೋ ಎಂಬುದೂ ಈಗ ಸ್ಪಷ್ಟವಿಲ್ಲ.

ಸಂಜೆಗೆ ನೋವು ತಗ್ಗಿತು. ಇಸಿಜಿಯಲ್ಲಿ ದೊಡ್ಡದೇನೂ ಇಲ್ಲ, ಆದರೂ ಮನೆಯಲ್ಲಿ ಒಬ್ಬರು ಹೀಗೆ ತೀರಿಹೋಗಿರುವುದರಿಂದ ಮಂಗಳೂರಿಗೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದು ಮರುದಿನ ಮನೆಗೆ ಕಳಿಸಿದರು. ದಿನಕ್ಕೊಂದು ಸಣ್ಣ ಮಾತ್ರೆ. ಪುದಿಯಾಪ್ಳೆ ಹಿಂದಿನ ದಿನ ಬಂದು, ಬಾಗಿಲಿನಲ್ಲಿ ವಿಷಯ ಕೇಳಿ, ಊಟ ಮಾಡದೆ ಹೋಗಿದ್ದ. ಅರ್ಧ ಕತ್ತರಿಸಿದ ತೇಡೆಯನ್ನು ಮಾಮಿ ತೆಂಗಿನ ಬುಡಕ್ಕೆ ಹೂತಿದ್ದರು.

ಅಂದಿನಿಂದ ಮನೆಯಲ್ಲಿ ನಾನು ಹಾರ್ಟಿನವಳಾದೆ. ಮೆಟ್ಟಿಲು ಇಳಿಯಬಾರದು, ನೀರಿನ ಕೊಡ ಎತ್ತಬಾರದು, ಮಿಷಿನು ತುಳಿಯಬಾರದು. “ಮೋಟಾರು ಹಾಕಿದ ಮಿಷಿನು ಮಾಮಿ, ತುಳೀಲಿಕ್ಕಿಲ್ಲ,” ಎಂದರೆ, “ಮೋಟಾರು ಅದಕ್ಕೆ ಉಂಟು, ನಿನ್ನ ಎದೆಗೆ ಇಲ್ಲ,” ಎನ್ನುತ್ತಿದ್ದರು. ಮಂಗಳೂರಿಗೆ ಹೋಗುವ ದಿನವನ್ನು ಮಾತ್ರ ನಾವು ಮೂವರೂ ಮುಂದೆ ಹಾಕುತ್ತ ಬಂದೆವು. ಹೋದರೆ ಏನು ಹೇಳುತ್ತಾರೋ ಎಂಬ ಹೆದರಿಕೆ.

ಆರನೇ ದಿನ ಮದರಂಗಿ ಮಾಸತೊಡಗಿದಾಗ ತೋರುಬೆರಳು ಬೇರೆಯಾಗಿ ಕಂಡಿತು. ಉಳಿದ ಬೆರಳುಗಳ ಬಣ್ಣ ಕಿತ್ತಳೆಯಾಗುತ್ತಿತ್ತು. ಇದರದ್ದು ನೇರಳೆ. ಮುಟ್ಟಿದರೆ ಒಳಗೆ ಮಿಡಿತ. ಅಳತೆ ಟೇಪು ಕೊರಳಲ್ಲೇ ಇತ್ತು, ಸುತ್ತಿ ನೋಡಿದೆ. ಬಲಗೈಯ ಬೆರಳು ಎರಡು ಇಂಚು, ಇದು ಎರಡೂಕಾಲು. ಒಂಬತ್ತನೇ ದಿನಕ್ಕೆ ಎರಡೂವರೆ. ಅಶ್ರಫರಿಗೆ ತೋರಿಸಿದಾಗ ಅವರು ಬೆರಳು ನೋಡಲಿಲ್ಲ, ಮುಖ ನೋಡಿದರು. “ಎದೆ ಹೇಗುಂಟು?” ಎಂದು ಕೇಳಿದರು.

ಬೆರಳನ್ನು ಬೆರಳು ಎಂದೇ ನೋಡಿದವರು ಪಕ್ಕದ ಮನೆಯ ಲಲಿತಕ್ಕ. “ಇದು ಉಗುರುಸುತ್ತು ಮಾರಾಯ್ತಿ. ಇದಕ್ಕೆ ಡಾಕ್ಟ್ರು ಯಾಕೆ?” ಎಂದು ಲಿಂಬೆಹಣ್ಣಿಗೆ ತೂತು ಕೊರೆದು, ಅರಸಿನ ತುಂಬಿ, ಟೊಪ್ಪಿಯ ಹಾಗೆ ಬೆರಳಿಗೆ ಸಿಕ್ಕಿಸಿದರು. ಮೀನು ತಿಂದರೆ ನಂಜು ಏರುತ್ತದೆ, ಗುಣವಾಗುವವರೆಗೆ ಬಾಯಿಗೆ ಹಾಕಬೇಡ ಎಂದೂ ಹೇಳಿದರು. ಲಿಂಬೆಹಣ್ಣು ಹೊತ್ತ ಬೆರಳನ್ನು ಮೇಲೆತ್ತಿಕೊಂಡು ನಾಲ್ಕು ದಿನ ಕೂತೆ. ಹಣ್ಣು ತೆಗೆದಾಗ ಚರ್ಮ ಬಿಳುಚಿತ್ತು, ಊತ ಹಾಗೆಯೇ ಇತ್ತು.

ಹದಿನಾಲ್ಕನೇ ದಿನ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ನನ್ನ ಕೆಲಸ ಏನೆಂದು ಕೇಳಿದರು. ಹೊಲಿಗೆ ಎಂದೆ.

“ಸೂಜಿ ಚುಚ್ಚಿತ್ತಾ?”

“ಚುಚ್ಚುತ್ತಾ ಇರ್ತದೆ.”

ಅವರು ಸೂಜಿ ಎಂದು ಬರೆದರು. ಹತ್ತಿರದ ಯಾವ ದಿನವೂ ಆ ಬೆರಳಿಗೆ ಸೂಜಿ ತಾಗಿದ ನೆನಪು ನನಗಿರಲಿಲ್ಲ. ಆದರೆ ಅವರು ಬರೆದದ್ದನ್ನು ನೋಡಿದ ಮೇಲೆ, ಶಮೀಮಾಳ ಮದುವೆಯ ಉಡುಪು ಹೊಲಿಯುವಾಗ ಚುಚ್ಚಿರಬೇಕು ಎಂದು ನನಗೂ ಅನಿಸಿತು. ಮನೆಗೆ ಬಂದು ಮಾಮಿಗೆ, ಲಲಿತಕ್ಕನಿಗೆ ಹಾಗೆಯೇ ಹೇಳಿದೆ. ಎರಡು ದಿನದಲ್ಲಿ ಅದು ಉಡುಪಿನ ಯಾವ ಹೊಲಿಗೆ, ಯಾವ ತೋಳು ಎಂಬುದರವರೆಗೆ ನನಗೆ ಕಾಣಿಸತೊಡಗಿತ್ತು. ನಡೆಯದಿದ್ದುದನ್ನು ಅಷ್ಟು ಸ್ಪಷ್ಟವಾಗಿ ಕಂಡವಳು ನಾನೇ ಎಂಬುದು ನೆನಪಾದಾಗ ಈಗಲೂ ಹೆದರಿಕೆಯಾಗುತ್ತದೆ.

ಎಕ್ಸ್‌ರೇಯಲ್ಲಿ ಸೂಜಿಯ ತುಂಡು ಕಾಣಲಿಲ್ಲ. ಸಕ್ಕರೆ ಕಾಯಿಲೆಯೂ ಇರಲಿಲ್ಲ. ಅವರು ಕೊಟ್ಟ ಗುಳಿಗೆಗಳು ಮುಗಿದರೂ ಬೆರಳು ಮಡಚಲಿಲ್ಲ, ಪಕ್ಕದಿಂದ ಕೀವು ಬರತೊಡಗಿತು. ಇಪ್ಪತ್ತನೇ ದಿನ ಪುತ್ತೂರಿನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆವು. ಹಿರಿಯರು, ಮೆಲ್ಲಗೆ ಮಾತಾಡುವವರು. ಬೆರಳನ್ನು ತುಂಬ ಹೊತ್ತು ನೋಡಿದರು.

“ಒಳಗೆ ಮೂಳೆಗೆ ಹೋದ್ರೆ ಮೇಲಿನ ಗಂಟು ತೆಗೀಬೇಕಾಗ್ತದೆ. ಒಂದು ವಾರ ನೋಡುವ.”

ಹೊರಗೆ ಬಂದು ಬೆಂಚಿನಲ್ಲಿ ಕೂತೆವು. ಬಲಗೈಯಿಂದ ಆ ಬೆರಳಿನ ತುದಿಯನ್ನು ಮುಚ್ಚಿ ಹಿಡಿದು, ಅಷ್ಟಿಲ್ಲದಿದ್ದರೆ ಬಟ್ಟೆ ಹೇಗೆ ನಡೆಸುವುದು ಎಂದು ನೋಡಿಕೊಂಡೆ. ಎದೆಯ ವಿಷಯಕ್ಕೆ ಮೂರು ವಾರ ಹೆದರಿದ್ದೆ, ಆದರೆ ಅತ್ತಿರಲಿಲ್ಲ. ಅಂದು ಅತ್ತೆ. ಅಶ್ರಫ್ ಎದ್ದು ಹೋಗಿ ಎಳನೀರಿನ ಒಂದು ಬೊಂಡ ತಂದು ಕೈಗೆ ಕೊಟ್ಟರು. ಎರಡು ಕೈಯಲ್ಲಿ ಹಿಡಿಯಲು ಆಗಲಿಲ್ಲ. ಅವರೇ ಹಿಡಿದುಕೊಂಡರು, ನಾನು ಕುಡಿದೆ.

ಅದಾಗಿ ಎರಡು ದಿನದ ಮೇಲೆ ಮಾಮಿ ಮಗಳನ್ನು ನೋಡಲು ಜಾಲ್ಸೂರಿಗೆ ಹೋದರು. ಬೆಳಿಗ್ಗೆ ಹಮೀದಾಕನ ಹಾರ್ನ್ ಕೇಳಿ, ತಡೆಯುವವರು ಯಾರೂ ಇಲ್ಲದ್ದರಿಂದ, ನಾನೇ ಹದಿನಾರು ಮೆಟ್ಟಿಲು ಇಳಿದೆ. ಅಶ್ರಫರಿಗೆ ಬಂಗುಡೆ ತೆಗೆದುಕೊಳ್ಳುವ ಎಂದು.

“ಎಂತ ಝೊಹರಾ, ಕಾಣುದೇ ಇಲ್ಲ? ಕೈಗೆ ಎಂತ ಆದದ್ದು?”

“ಉಗುರುಸುತ್ತು ಹಮೀದಾಕ. ಸೂಜಿ ಅಂತಲೂ ಹೇಳ್ತಾರೆ.”

“ಎರಡರಲ್ಲಿ ಯಾವುದು?”

“ಗೊತ್ತಿಲ್ಲ.”

ಅವರು ಮುಟ್ಟದೆ ಬಗ್ಗಿ ನೋಡಿದರು. “ಶುರುವಿಗೆ ನೋವು ಮೇಲೆ ಹತ್ತಿತ್ತಾ, ಕಂಕುಳದವರೆಗೆ?”

“ಅದು ಹಾರ್ಟಿಂದು. ಅದು ಬೇರೆ.”

“ಯಾವತ್ತು?”

“ಪುದಿಯಾಪ್ಳೆ ಊಟಕ್ಕೆ ಬಂದ ದಿನ.”

ಹಮೀದಾಕ ಸ್ಕೂಟರಿನ ಎಂಜಿನ್ ನಿಲ್ಲಿಸಿದರು.

“ಆ ದಿನ ನಾನು ಕೊಟ್ಟದ್ದು ತೇಡೆ. ತಲೆಗೆ ಕತ್ತಿ ತಾಗಿಸ್ಬೇಡ, ಇಡೀ ಬೇಕು ಅಂತ ನಿನ್ನ ಮಾಮಿ ಹೇಳಿದ್ರು. ನಾನು ಮುಳ್ಳು ಮುರೀಲಿಲ್ಲ.” ಮತ್ತೆ ತಮ್ಮ ಬಲಗೈಯ ಹೆಬ್ಬೆರಳನ್ನು ಮುಂದೆ ಹಿಡಿದರು. ಅದು ಮಡಚುವುದಿಲ್ಲ ಎಂಬುದನ್ನು ಇಷ್ಟು ವರ್ಷದಲ್ಲಿ ನಾನು ಗಮನಿಸಿರಲಿಲ್ಲ. “ಇದು ತೇಡೆಯದ್ದೇ ಕೆಲಸ.”

“ಅದು ಸತ್ತ ಮೀನು ಹಮೀದಾಕ. ಐಸಿನಲ್ಲಿತ್ತು.”

“ನನಗೆ ಚುಚ್ಚಿದ್ದೂ ಸತ್ತದ್ದೇ. ಆ ನಂಜಿಗೆ ಐಸಿನಿಂದ ಎಂತ ಆಗುದಿಲ್ಲ. ಬಿಸಿನೀರು ಬೇಕು. ಚುಚ್ಚಿದ ಕೂಡ್ಲೆ, ತಡಕೊಳ್ಳುವಷ್ಟು ಬಿಸಿನೀರಿನಲ್ಲಿ ಕೈ ಮುಳುಗಿಸಿ ಕೂರ್ಬೇಕು. ನೀನು ಎಂತ ಮಾಡಿದ್ದು?”

“ತಣ್ಣೀರಿನಲ್ಲಿ ತೊಳೆದೆ.”

ಅವರು ತಲೆ ಅಲ್ಲಾಡಿಸಿದರು. “ಮುಳ್ಳಿನ ತುಂಡು ಒಳಗೆ ಉಂಟಾ ನೋಡ್ಲಿಕ್ಕೆ ಹೇಳು. ತೇಡೆ ಅಂತಲೇ ಹೇಳು. ನಾಚಬೇಡ.”

ಬಂಗುಡೆ ತೆಗೆದುಕೊಳ್ಳುವುದು ಇಬ್ಬರಿಗೂ ಮರೆತುಹೋಯಿತು. ಮೆಟ್ಟಿಲು ಹತ್ತುವಾಗ ನಡುವೆ ಎಲ್ಲೋ ಕೂತೆ. ಆ ಬೆಳಿಗ್ಗೆಯನ್ನು ಮೊದಲಿನಿಂದ ಜೋಡಿಸಲು ನೋಡಿದೆ. ಮೀನು, ತಣ್ಣೀರು, ಉರಿ, ವಾಂತಿ, ಮಾಮಿಯ ಮಾತು. ಸೂಜಿಯ ನೆನಪು ಮಾತ್ರ ಎಲ್ಲಿಯೂ ಕೂರಲಿಲ್ಲ, ಆದರೆ ಅಳಿಸಿಯೂ ಹೋಗಲಿಲ್ಲ.

ಅಶ್ರಫರ ಪರಿಚಯದವರೊಬ್ಬರು ಹೇಳಿದಂತೆ ಮರುದಿನ ಸುಳ್ಯದ ಒಂದು ಆಸ್ಪತ್ರೆಗೆ ಹೋದೆವು. ಟೋಕನ್ ಹಿಡಿದು ಕಾಯುವಾಗ ಪಕ್ಕದಲ್ಲಿ ಕಡಬದಿಂದ ಬಂದ ಹೆಂಗಸೊಬ್ಬರು ಕೂತಿದ್ದರು. “ನಿಮಗೆ ಎಂತ?” ಎಂದು ಕೇಳಿದರು.

ಮೂರು ವಾರದಲ್ಲಿ ಆ ಪ್ರಶ್ನೆಗೆ ನನ್ನಲ್ಲಿ ಮೂರು ಉತ್ತರಗಳಿದ್ದವು. “ಮೀನು ಚುಚ್ಚಿದ್ದು,” ಎಂದು ನಾಲ್ಕನೆಯದನ್ನು ಕೊಟ್ಟೆ. ಹೇಳಿ ಅಭ್ಯಾಸವಾಗಲಿ ಎಂದು.

“ಅದಕ್ಕೆ ಇಷ್ಟು ದೂರ ಬಂದದ್ದಾ?” ಎಂದು ಅವರು ನಕ್ಕರು. ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದೆ. ನಗು ನಿಂತಿತು. ನನ್ನ ಚೀಲವನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, ನನ್ನ ನಂಬರು ಕರೆಯುವವರೆಗೆ ಬಿಡಲಿಲ್ಲ.

ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ತೇಡೆ ಎಂದ ಕೂಡಲೇ ಪೆನ್ನು ಕೆಳಗಿಟ್ಟರು. ಅವರ ಮನೆ ಕಾಸರಗೋಡಿನ ಕಡಲ ಬದಿಯಂತೆ. ಸ್ಕ್ಯಾನ್ ಮಾಡಿಸಿದರು. ಗಂಟಿನ ಪಕ್ಕ, ನರದ ಹತ್ತಿರ, ಅಕ್ಕಿಕಾಳಿಗಿಂತ ಸಣ್ಣದೊಂದು ಚೂರು. ಮರುದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅದನ್ನು ತೆಗೆದರು. ಮೂಳೆಗೆ ತಲುಪಿರಲಿಲ್ಲ. ಬೆರಳು ಉಳಿಯುತ್ತದೆ ಎಂದರು. ಎಷ್ಟು ಮಡಚುತ್ತದೆ, ತುದಿಗೆ ಸ್ಪರ್ಶ ಎಷ್ಟು ಬರುತ್ತದೆ ಎಂದು ಈಗಲೇ ಹೇಳಲು ಆಗುವುದಿಲ್ಲ ಎಂದೂ ಹೇಳಿದರು.

ನಾನು ಎದೆಯ ವಿಷಯ ಕೇಳಿದೆ. ಅವರು ಹಳೆಯ ಇಸಿಜಿ ನೋಡಿದರು. “ಇದರಲ್ಲಿ ನನಗೆ ಎಂತ ಕಾಣುದಿಲ್ಲ. ತೇಡೆ ಚುಚ್ಚಿದ್ರೂ ಹೀಗೆ ಆಗ್ತದೆ. ಆದ್ರೆ ಆ ದಿನ ನಾನು ಅಲ್ಲಿ ಇರ್ಲಿಲ್ಲ ಅಲ್ವಾ? ಒಮ್ಮೆ ಪರೀಕ್ಷೆ ಮಾಡಿಸಿ, ಮನಸ್ಸಿಗೆ ಸಮಾಧಾನ.” ಪರೀಕ್ಷೆಯಲ್ಲಿ ಎಲ್ಲವೂ ಸರಿ ಇತ್ತು. ಸಣ್ಣ ಮಾತ್ರೆ ನಿಲ್ಲಿಸಿದರು. ಆದರೂ ಅಂದು ನನ್ನ ಎದೆಗೆ ಬಂದದ್ದರಲ್ಲಿ ಮೀನಿನದ್ದೆಷ್ಟು, ಮಾಮಿಯ ಮಾತಿನ ಹೆದರಿಕೆಯದ್ದೆಷ್ಟು ಎಂದು ಬಿಡಿಸಲು ನನ್ನಿಂದ ಈಗಲೂ ಆಗಿಲ್ಲ.

ಜಾಲ್ಸೂರಿನಿಂದ ಮರಳಿದ ಮಾಮಿಗೆ ಅಶ್ರಫ್ ಎಲ್ಲ ಹೇಳಿದರು. ಹಮೀದಾಕ ಹೇಳಿದ ಮಾತನ್ನೂ ಬಿಡಲಿಲ್ಲ. ಮಾಮಿ ಒಳಗೆ ಹೋದವರು ಸ್ವಲ್ಪ ಹೊತ್ತಿನಲ್ಲಿ ಒಂದು ಬೋಗುಣಿ ತಂದು ನನ್ನ ಮುಂದೆ ಇಟ್ಟರು. ಹಬೆ ಏಳುತ್ತಿತ್ತು.

“ಕೈ ಹಾಕು ಮಗಳೇ.”

“ಈಗ ಎಂತಕ್ಕೆ ಉಮ್ಮ? ಅದು ಆಗ ಮಾಡಬೇಕಾದದ್ದು. ಕಟ್ಟು ಒದ್ದೆ ಆಗ್ತದೆ,” ಎಂದರು ಅಶ್ರಫ್.

ಮಾಮಿ ಬೋಗುಣಿಯ ಅಂಚು ಹಿಡಿದುಕೊಂಡು ಹಾಗೆಯೇ ಕೂತಿದ್ದರು. ನಾನು ಬಲಗೈಯನ್ನು ನೀರಿಗೆ ಹಾಕಿದೆ. ನೀರು ತಣಿಯುವವರೆಗೆ ಇಬ್ಬರೂ ಏಳಲಿಲ್ಲ.

ಬೆರಳಿನ ಹೊಲಿಗೆ ಬಿಚ್ಚಿದ ಮೇಲೆ ಬಿಸಿನೀರಿಗೆ ಕೆಲಸ ಬಂತು. ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಬೆರಳು ಮಡಚಬೇಕು ಎಂದು ಡಾಕ್ಟರು ಹೇಳಿದ್ದರು. ಮಾಮಿ ಎದುರು ಕೂತು ಎಣಿಸುತ್ತಿದ್ದರು. ಹತ್ತಕ್ಕೆ ನಿಲ್ಲಿಸಿ ಎಂದರೆ ಹನ್ನೆರಡಕ್ಕೆ ನಿಲ್ಲಿಸುತ್ತಿದ್ದರು. ತಪ್ಪಾಯಿತು ಎಂದು ಅವರು ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಪುದಿಯಾಪ್ಳೆ ಮತ್ತೆ ಊಟಕ್ಕೆ ಬಂದ ದಿನ ಅವರೇ ರಸ್ತೆಗೆ ಇಳಿದು, ಹಮೀದಾಕನಿಂದ ಮೂರು ಮುಳ್ಳು ತಮ್ಮ ಕಣ್ಣೆದುರು ಮುರಿಸಿ, ಮುರಿದ ಮೂರನ್ನೂ ಕಾಗದದಲ್ಲಿ ಕಟ್ಟಿ ತಂದು ನನಗೆ ತೋರಿಸಿ, ಆಮೇಲೆ ಮೆಟ್ಟುಕತ್ತಿಯ ಮುಂದೆ ತಾವೇ ಕೂತರು.

ಇದೆಲ್ಲ ಆಗಿ ಐದು ತಿಂಗಳು. ಬೆರಳು ಮುಕ್ಕಾಲು ಮಡಚುತ್ತದೆ. ಟೇಪು ಸುತ್ತಿದರೆ ಎರಡು ಇಂಚು ಮತ್ತು ಒಂದು ಗೆರೆ. ಮಿಷಿನಿಗೆ ಮರಳಿದ್ದೇನೆ. ನೇರ ಹೊಲಿಗೆ ಆಗುತ್ತದೆ. ಅಸ್ತರು ಹಾಕುವ ರವಿಕೆಗಳನ್ನು ಇನ್ನೂ ಒಪ್ಪಿಕೊಂಡಿಲ್ಲ, ಏಕೆಂದರೆ ಬೆರಳಿನ ತುದಿಗೆ ಬಟ್ಟೆ ತಿಳಿಯುವುದಿಲ್ಲ. ಹತ್ತಿಯಾದರೂ ರೇಷ್ಮೆಯಾದರೂ ಒಂದೇ, ದೂರದಲ್ಲಿ ಯಾರೋ ಮುಟ್ಟಿದ ಹಾಗೆ.

ಅದಕ್ಕೆ ಮಾಮಿ ಒಂದು ಪರೀಕ್ಷೆ ಮಾಡಿಕೊಂಡಿದ್ದಾರೆ. ಬೆರಳು ನೀರಿನಿಂದ ತೆಗೆದು ಒರೆಸಿದ ಮೇಲೆ ನಾನು ಕಣ್ಣು ಮುಚ್ಚಬೇಕು. ತುಂಡು ಬಟ್ಟೆಯ ಚೀಲದಿಂದ ಎರಡನ್ನು ತೆಗೆದು ಒಂದಾದ ಮೇಲೆ ಒಂದು ತುದಿಗೆ ಒತ್ತುತ್ತಾರೆ. ಇಷ್ಟು ದಿನ ನನ್ನ ಉತ್ತರ ಒಂದೇ ಆಗಿತ್ತು, ಎರಡೂ ಒಂದೇ ಮಾಮಿ ಎಂದು.

ನಿನ್ನೆ ಒತ್ತಿದಾಗ ನಾನು ಸ್ವಲ್ಪ ತಡೆದೆ. “ಇನ್ನೊಮ್ಮೆ ಮಾಡಿ,” ಎಂದೆ. ಮಾಡಿದರು.

“ಎರಡು ಬೇರೆ ಬೇರೆ ಉಂಟು.”

“ಒರಟು ಯಾವುದು?”

“ಅದು ಗೊತ್ತಾಗುದಿಲ್ಲ.”

ಬಟ್ಟೆಯ ತುಂಡುಗಳನ್ನು ಮಾಮಿ ಚೀಲಕ್ಕೆ ಹಾಕುವ ಸದ್ದು ಕೇಳಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ಕೈ ಮುಂದೆ ಹಿಡಿದು ಕೂತಿದ್ದೆ.

“ಇನ್ನೊಮ್ಮೆ,” ಎಂದರು ಮಾಮಿ.